ಪಿಕಪ್‌ಗೆ ಲೋಡು ಹಾಕುವ ಮುನ್ನ: ಕಾನೂನು ಏನೇನು ಕೇಳುತ್ತದೆ?

‘ಎಫ್‌ಸಿ ಇತ್ತು, ಇನ್ಶೂರೆನ್ಸ್ ಇತ್ತು, ಎಮಿಷನ್ ಸರ್ಟಿಫಿಕೇಟೂ ಇತ್ತು. ಆದರೂ ಗಾಡಿ ನಿಲ್ಲಿಸಿ ಕೇಸು ಹಾಕಿದರು.’ ಬಾಡಿಗೆಗೆ ಪಿಕಪ್ ಓಡಿಸುವವರಲ್ಲಿ, ಸ್ವಂತ ತೋಟದ ಮಾಲು ಸಾಗಿಸಲು ಗಾಡಿ ಇಟ್ಟುಕೊಂಡ ರೈತರಲ್ಲಿ, ಕಟ್ಟಡ ಸಾಮಗ್ರಿ ಅಂಗಡಿಯವರಲ್ಲಿ ಈ ದೂರು ಸದಾ ಕೇಳುತ್ತದೆ. ವಿಚಾರಿಸಿ ನೋಡಿದರೆ ಕಾಗದಪತ್ರಗಳಲ್ಲಿ ಕೊರತೆ ಇರುವುದಿಲ್ಲ. ಕಬ್ಬಿಣದ ಸರಳು ಹಿಂದೆ ಚಾಚಿಕೊಂಡಿರುತ್ತದೆ, ಟಾರ್ಪಾಲಿನ ತುದಿ ಇಳಿಬಿದ್ದು ಹಿಂದಿನ ದೀಪ ಮುಚ್ಚಿರುತ್ತದೆ, ಇಲ್ಲವೇ ಗಾಡಿ ಹೊರಬೇಕಾದ್ದಕ್ಕಿಂತ ಮುನ್ನೂರು ಕಿಲೋ ಹೆಚ್ಚು ಹೊತ್ತಿರುತ್ತದೆ.

ಸರಕು ವಾಹನಗಳಿಗೆ ಸಂಬಂಧಿಸಿದ ಮೂಲ ಕಾನೂನು 1988ರ ಮೋಟಾರು ವಾಹನ ಕಾಯ್ದೆ. ಯಾವ ಗಾಡಿಗೆ ಯಾವ ಸಾಧನ ಇರಬೇಕು ಎಂಬ ವಿವರಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿವೆ. 2019ರ ತಿದ್ದುಪಡಿ ದಂಡದ ಮೊತ್ತವನ್ನು ಹಲವು ಪಟ್ಟು ಹೆಚ್ಚಿಸಿತು. ಹಿನ್ನೆಲೆ ಇಷ್ಟು ಸಾಕು.

ನಿಮ್ಮ ಗಾಡಿಯ ಬ್ರೇಕು, ಟೈರು, ಕಮಾನ್ ಪಟ್ಟಿ, ಆಕ್ಸಲ್ ಎಲ್ಲವನ್ನೂ ಕಂಪನಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದಿರುವುದು ಒಂದು ನಿರ್ದಿಷ್ಟ ಒಟ್ಟು ತೂಕಕ್ಕೆ. ಆರ್‌ಸಿಯಲ್ಲಿರುವ ಆ ಸಂಖ್ಯೆಯನ್ನು ದಾಟಿದ ಕ್ಷಣದಿಂದ ಗಾಡಿಯಲ್ಲಿರುವ ಪ್ರತಿಯೊಂದು ಸಾಧನವೂ ಪರೀಕ್ಷೆಗೆ ಒಳಪಡದ ಸ್ಥಿತಿಯಲ್ಲಿ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಸಾಧನಗಳ ಪಟ್ಟಿಗೆ ಹೋಗುವ ಮೊದಲು ತೂಕದ ಲೆಕ್ಕ ಸರಿ ಮಾಡಿಕೊಳ್ಳಬೇಕು.

ಎಷ್ಟು ಹೊರಬಹುದು? ಲೆಕ್ಕ ಹೀಗೆ

1. ಆರ್‌ಸಿ ತೆಗೆದು ಎರಡು ಅಂಕಿ ನೋಡಿ: ಖಾಲಿ ತೂಕ ಮತ್ತು ಒಟ್ಟು ತೂಕ. ಒಟ್ಟು ತೂಕ 2,800 ಕಿಲೋ, ಖಾಲಿ ತೂಕ 1,600 ಕಿಲೋ ಎಂದಿಟ್ಟುಕೊಳ್ಳಿ. ಕಳೆದರೆ 1,200 ಕಿಲೋ.

2. ಇದರಲ್ಲಿ ಚಾಲಕ ಮತ್ತು ಸಹಾಯಕನ ತೂಕ ಕಳೆಯಿರಿ. ಬಹಳ ಜನ ಎಡವುವುದು ಇಲ್ಲೇ. ಕಾಯ್ದೆಯ ಪ್ರಕಾರ ಖಾಲಿ ತೂಕದಲ್ಲಿ ಚಾಲಕ, ಸಹಾಯಕರ ತೂಕ ಸೇರಿರುವುದಿಲ್ಲ. ಇಬ್ಬರಿಗೆ 140 ಕಿಲೋ ಎಂದರೆ ಉಳಿಯುವುದು 1,060 ಕಿಲೋ. ಸಿಮೆಂಟಾದರೆ 21 ಮೂಟೆ. 1,200ಕ್ಕೆ ಲೆಕ್ಕ ಹಾಕಿ 24 ಮೂಟೆ ಏರಿಸಿದವರು ಗೋದಾಮಿನ ಗೇಟಿನಲ್ಲೇ ಮಿತಿ ದಾಟಿರುತ್ತಾರೆ.

3. ಗಾಡಿ ಕೊಂಡ ಮೇಲೆ ಕಬ್ಬಿಣದ ಎತ್ತರದ ಬಾಡಿ ಅಥವಾ ಜಾಲರಿ ಕಟ್ಟಿಸಿದ್ದರೆ, ಖಾಲಿ ಗಾಡಿಯನ್ನು ಒಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಹಾಕಿಸಿ. ಬಾಡಿ ಕಟ್ಟಿಸಲು ಹೋದ ಕಬ್ಬಿಣದಷ್ಟೂ ನಿಮ್ಮ ಸರಕಿನ ಲೆಕ್ಕದಿಂದಲೇ ಹೋಗಿರುತ್ತದೆ.

4. ಸರಕನ್ನು ಕಣ್ಣಳತೆಯಲ್ಲಿ ನೋಡಬೇಡಿ, ತೂಕಕ್ಕೆ ಇಳಿಸಿ ನೋಡಿ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸಿನ ಲೆಕ್ಕ 15 ಕಿಲೋ. ಆದರೆ ಗಾಡಿ ಹೊರುವುದು ಪ್ಲಾಸ್ಟಿಕ್ ಕ್ರೇಟನ್ನೂ ಸೇರಿಸಿ, ಅಂದರೆ ಹೆಚ್ಚು ಕಡಿಮೆ 17 ಕಿಲೋ. ಮೇಲಿನ ಗಾಡಿಗೆ 62 ಕ್ರೇಟು ಸಾಕು. 12 ಮಿ.ಮೀ. ಟಿಎಂಟಿ ಸರಳು ಮೀಟರಿಗೆ ಸುಮಾರು 0.89 ಕಿಲೋ ತೂಗುತ್ತದೆ. 12 ಮೀಟರ್ ಉದ್ದದ ಒಂದು ಸರಳು 10.6 ಕಿಲೋ ದಾಟುತ್ತದೆ. ಸಾವಿರ ಲೀಟರ್ ನೀರಿನ ಟ್ಯಾಂಕು ತುಂಬಿದರೆ ನೀರಿನದೇ ಒಂದು ಟನ್.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಎಂ-ಸ್ಯಾಂಡ್. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಯಲ್ಲಿ ಒಂದು ಅಡಿ ಎತ್ತರಕ್ಕೆ ಮರಳು ಹರಡಿದರೆ ಸುಮಾರು 50 ಘನ ಅಡಿಯಾಗುತ್ತದೆ. ಘನ ಅಡಿಗೆ 45ರಿಂದ 50 ಕಿಲೋ ಹಿಡಿದರೂ ಎರಡೂಕಾಲು ಟನ್ ಮೇಲಾಯಿತು. ನೋಡುವವರಿಗೆ ಬಾಡಿ ಅರ್ಧ ಖಾಲಿ ಇದ್ದಂತೆ ಕಾಣುತ್ತದೆ, ಗಾಡಿ ಮಾತ್ರ ತನ್ನ ಶಕ್ತಿಯ ಎರಡರಷ್ಟು ಹೊತ್ತಿರುತ್ತದೆ. ಮಳೆಯಲ್ಲಿ ನೆನೆದ ಮರಳಾದರೆ ಇನ್ನೂ ಭಾರ. ಈ ಗಾತ್ರದ ಗಾಡಿಗೆ ಅರ್ಧ ಅಡಿಯೂ ಹೆಚ್ಚೇ.

ಮಿತಿ ಮೀರಿದರೆ ಕಾಯ್ದೆಯ 194ನೇ ಕಲಂ ಹೇಳುವ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ. ಹೆಚ್ಚುವರಿ ಸರಕು ಇಳಿಸುವ ಖರ್ಚೂ ನಿಮ್ಮದೇ, ಇಳಿಸದೆ ಗಾಡಿ ಮುಂದೆ ಹೋಗುವಂತಿಲ್ಲ. ಓಡಿಸಿದವನಿಗೆ ಮಾತ್ರವಲ್ಲದೆ ಓಡಿಸಲು ಹೇಳಿದವನಿಗೆ, ಬಿಟ್ಟುಕೊಟ್ಟವನಿಗೆ ಕೂಡ ಈ ಕಲಂ ಅನ್ವಯಿಸುತ್ತದೆ. ಓವರ್‌ಲೋಡ್ ಮಾಡಿದ ಚಾಲಕನ ಲೈಸೆನ್ಸ್ ಅಮಾನತು ಮಾಡಲೂ ನಿಯಮಗಳಲ್ಲಿ ಅವಕಾಶವಿದೆ. ರಸ್ತೆ ಸುರಕ್ಷತೆ ಕುರಿತ ಸುಪ್ರೀಂ ಕೋರ್ಟ್ ಸಮಿತಿ 2015ರಲ್ಲಿ, ಇಂಥ ಪ್ರಕರಣಗಳಲ್ಲಿ ಕನಿಷ್ಠ ಮೂರು ತಿಂಗಳು ಅಮಾನತು ಮಾಡುವಂತೆ ರಾಜ್ಯಗಳಿಗೆ ಸೂಚಿಸಿತ್ತು. ‘ಓನರ್ ಹೇಳಿದರು, ಹಾಕಿಕೊಂಡು ಬಂದೆ’ ಎನ್ನುವ ಹುಡುಗನ ಮೂರು ತಿಂಗಳ ದುಡಿಮೆ ಹೋಗುತ್ತದೆ. ಗಾಡಿ ಮಾಲೀಕರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಗಾಡಿಯಲ್ಲಿ ಇರಲೇಬೇಕಾದವು

1. ಟೈರು. ಪಿಕಪ್ ಟೈರಿನ ಬಟನ್ ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಅಳೆಯುವ ಸಾಧನ ಬೇಕಿಲ್ಲ: ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ, ಬಟನ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು. ಬದಲಿಸುವಾಗ ಅಳತೆಯ ಜೊತೆಗೆ ಭಾರ ಹೊರುವ ಸಾಮರ್ಥ್ಯದ ಅಂಕಿಯೂ ಹಳೆಯದಕ್ಕೆ ಸಮವಾಗಿರಲಿ. ರಿಮ್ಮಿಗೆ ಕೂರುತ್ತದೆ ಎಂದು ಕಾರಿನ ಟೈರು ಹಾಕಿಸಿದರೆ ಲೋಡಿನಲ್ಲಿ ಬಿಸಿಯಾಗಿ ಸಿಡಿಯುತ್ತದೆ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದೂ ನೋಡಿ.

2. ದೀಪಗಳು. ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್, ಹಿಂದಿನ ಕೆಂಪು ದೀಪ, ರಿವರ್ಸ್ ಲೈಟ್, ನಂಬರ್ ಪ್ಲೇಟಿನ ಪುಟ್ಟ ದೀಪ ಎಲ್ಲವೂ ಉರಿಯಬೇಕು. ಪಿಕಪ್‌ನ ಹಿಂದಿನ ದೀಪಗಳು ಬಾಡಿಯ ಕೆಳಗೆ, ಚಕ್ರದ ಕೆಸರು ಹಾರುವ ಜಾಗದಲ್ಲೇ ಇರುತ್ತವೆ. ಮಳೆಗಾಲದಲ್ಲಿ ಮೂವತ್ತು ಕಿಲೋಮೀಟರ್ ಓಡಿದರೆ ಗಾಜಿನ ಮೇಲೆ ಒಂದು ಪದರ ಮಣ್ಣು ಕೂತು ಬೆಳಕು ಬೂದುಗೆಂಪಾಗುತ್ತದೆ, ಹಿಂದಿನಿಂದ ಬರುವ ಬಸ್ಸಿನ ಚಾಲಕನಿಗೆ ಅದು ಕಾಣುವುದೇ ಕಷ್ಟ. ಟೀ ಕುಡಿಯಲು ನಿಲ್ಲಿಸಿದಾಗ ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸ ಇಟ್ಟುಕೊಳ್ಳಿ.

3. ಪ್ರತಿಫಲಕ ಟೇಪು. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ. ಗಾಡಿ ಕೆಟ್ಟು ಬ್ಯಾಟರಿಯೂ ಕೈಕೊಟ್ಟು ಕತ್ತಲಲ್ಲಿ ನಿಂತಾಗ ನಿಮ್ಮನ್ನು ಉಳಿಸುವುದು ಇದೊಂದೇ. ಟೇಪಿನ ಮೇಲೆ ಎಐಎಸ್-090 ಎಂಬ ಗುರುತು ಇರಬೇಕು. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ ಹೊಳಪು ಟೇಪನ್ನು ಎಫ್‌ಸಿ ವೇಳೆ ಬ್ರೇಕ್ ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ, ಮೂರು ತಿಂಗಳಲ್ಲಿ ಅದು ಬೆಳಕು ಹಿಂದಿರುಗಿಸುವುದನ್ನೂ ನಿಲ್ಲಿಸುತ್ತದೆ.

4. ಸ್ಪೀಡ್ ಗವರ್ನರ್. 2015ರ ಅಕ್ಟೋಬರ್ 1ರಿಂದ ಈಚೆಗೆ ತಯಾರಾದ ಸರಕು ವಾಹನಗಳಲ್ಲಿ ವೇಗವನ್ನು ಗಂಟೆಗೆ 80 ಕಿ.ಮೀ.ಗೆ ಕಟ್ಟಿಹಾಕುವ ಸಾಧನ ಕಂಪನಿಯಿಂದಲೇ ಬರುತ್ತದೆ. ಅಷ್ಟು ವೇಗವಾಗಿ ಓಡಲಾರದು ಎಂದು ಪ್ರಮಾಣೀಕೃತವಾದ ಸಣ್ಣ ಗಾಡಿಗಳಿಗೆ ಮಾತ್ರ ವಿನಾಯಿತಿ. ಇದನ್ನು ಕಳಚಿಸುವುದು ಅಪರಾಧ.

5. ತ್ರಿಕೋನ ಮತ್ತು ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಹೊಸ ಗಾಡಿಯ ಜೊತೆಗೇ ಕೊಡುತ್ತಾರೆ. ತ್ರಿಕೋನವನ್ನು ಸೀಟಿನ ಹಿಂದೆ, ಕೈಗೆ ಸಿಗುವಲ್ಲಿ ಇಡಿ. ಸರಕಿನ ಅಡಿ ಸೇರಿಕೊಂಡರೆ ಬೇಕಾದಾಗ ಸಿಗುವುದಿಲ್ಲ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಐವತ್ತು ಹೆಜ್ಜೆಯಾದರೂ ಹಿಂದಕ್ಕೆ ನಡೆದು ಇಡಬೇಕು, ಕಲ್ಲು ಮತ್ತು ಸೊಪ್ಪು ಸಾಲದು.

6. ನಂಬರ್ ಪ್ಲೇಟ್ ಮತ್ತು ಉಳಿದವು. ಅತಿ ಸುರಕ್ಷಿತ ನೋಂದಣಿ ಫಲಕ, ಹಳದಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ. ವಿದ್ಯುತ್ ಪಿಕಪ್ ಆದರೆ ಹಸಿರು ಹಿನ್ನೆಲೆಯಲ್ಲಿ ಹಳದಿ ಅಕ್ಷರ. ಸೀಟ್ ಬೆಲ್ಟ್, ಎರಡೂ ಕನ್ನಡಿ, ವೈಪರ್, ಒಂದೇ ಸ್ವರದ ಹಾರ್ನ್, ಗಾಜಿನ ಮೇಲೆ ಫಾಸ್ಟ್ಯಾಗ್. ಲಾರಿಗಳ ಹಿಂದೆ ಮತ್ತು ಪಕ್ಕದಲ್ಲಿ ಕಾಣುವ ಕಬ್ಬಿಣದ ತಡೆಪಟ್ಟಿ ಕಡ್ಡಾಯವಾಗಿರುವುದು ಒಟ್ಟು ತೂಕ 3.5 ಟನ್ ಮೀರಿದ ವಾಹನಗಳಿಗೆ. ಬಹುತೇಕ ಪಿಕಪ್‌ಗಳಿಗೆ ಆ ಚಿಂತೆ ಬೇಡ.

ಸರಕು ಕಟ್ಟುವ ಬಗೆ

ಗಾಡಿ ನಿಂತಾಗ ಸರಕು ತನ್ನಷ್ಟಕ್ಕೆ ನಿಲ್ಲುವುದಿಲ್ಲ, ಅದು ಮೊದಲಿದ್ದ ವೇಗದಲ್ಲೇ ಮುಂದೆ ಸಾಗಲು ನೋಡುತ್ತದೆ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ 0.8 ಪಟ್ಟು ಬಲದಿಂದ ಮುಂದಕ್ಕೆ, ತಿರುವಿನಲ್ಲಿ 0.5 ಪಟ್ಟು ಬಲದಿಂದ ಪಕ್ಕಕ್ಕೆ ನೂಕುತ್ತದೆ ಎಂದು ಲೆಕ್ಕ ಹಿಡಿದೇ ಅಮೆರಿಕ, ಯುರೋಪುಗಳಲ್ಲಿ ಸರಕು ಕಟ್ಟುವ ನಿಯಮ ಮಾಡಿದ್ದಾರೆ. ನಿಸರ್ಗದ ನಿಯಮ ಹಾಸನದಲ್ಲೂ ಅದೇ. 1,000 ಕಿಲೋ ಗ್ರಾನೈಟ್ ಚಪ್ಪಡಿ 800 ಕಿಲೋ ಬಲದಿಂದ ಕ್ಯಾಬಿನ್ನಿನ ಹಿಂಗೋಡೆಗೆ ಬಡಿದರೆ ಆ ತೆಳು ತಗಡು ತಡೆಯುವುದಿಲ್ಲ.

1. ಭಾರದ ವಸ್ತು ಕೆಳಗೆ, ಹಗುರವಾದದ್ದು ಮೇಲೆ. ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿ, ನಡುವೆ ಸಂದು ಬಿಡದಂತೆ ಜೋಡಿಸಿ. ಸಂದು ಉಳಿದರೆ ಅಷ್ಟು ದೂರ ಓಡಿ ಬಡಿಯಲು ಸರಕಿಗೆ ಜಾಗ ಕೊಟ್ಟಂತೆ.

2. ಹಿಂದಿನ ಚಕ್ರದಿಂದ ಆಚೆಗೆ ಭಾರ ಹೋಗದಂತೆ ನೋಡಿಕೊಳ್ಳಿ. ಹಿಂಬದಿ ಜಗ್ಗಿದರೆ ಏತದ ಮರದಂತೆ ಮುಂಭಾಗ ಮೇಲೇಳುತ್ತದೆ, ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಸ್ಟೇರಿಂಗ್ ಹಗುರವಾಯಿತು ಎಂದು ಚಾಲಕರು ಖುಷಿಪಡುವುದುಂಟು. ಅದು ಅಪಾಯದ ಸೂಚನೆ.

3. ಹಗ್ಗವನ್ನು ಉದ್ದುದ್ದ ಮಾತ್ರ ಎಳೆಯದೆ ಅಡ್ಡಡ್ಡವೂ ಕತ್ತರಿಯಾಕಾರದಲ್ಲಿ ಬಿಗಿಯಿರಿ. ಚಪ್ಪಡಿ, ಯಂತ್ರ, ಪೈಪಿನಂಥ ಜಾರುವ ಸರಕಿಗೆ ಹಗ್ಗಕ್ಕಿಂತ ರ‍್ಯಾಚೆಟ್ ಬೆಲ್ಟ್ ಒಳ್ಳೆಯದು. ಬೆಲ್ಟಿನ ಚೀಟಿಯಲ್ಲಿ ಅದು ತಡೆಯುವ ಭಾರ ಅಚ್ಚಾಗಿರುತ್ತದೆ, ಓದಿ ಕೊಳ್ಳಿ. ಚೂಪು ಅಂಚಿನ ಮೇಲೆ ಹಾಯುವ ಕಡೆ ಗೋಣಿಚೀಲ ಮಡಚಿ ಇಡಿ. ಅಡಿಯಲ್ಲಿ ಹಳೆಯ ರಬ್ಬರ್ ಹಾಸು ಹಾಕಿದರೆ ಅರ್ಧ ಜಾರಾಟ ಅಲ್ಲೇ ನಿಲ್ಲುತ್ತದೆ.

4. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಮೂಟೆ, ಕ್ರೇಟುಗಳು ಕುಲುಕಾಟಕ್ಕೆ ಕುಸಿದು ಕೂರುತ್ತವೆ, ಹೊರಡುವಾಗ ಬಿಗಿಯಿದ್ದ ಹಗ್ಗ ಅಷ್ಟು ಹೊತ್ತಿಗೆ ಜೋಲಾಡುತ್ತಿರುತ್ತದೆ. ಮರಳು, ಜಲ್ಲಿ, ಹುಲ್ಲು, ತೆಂಗಿನ ನಾರು ಇದ್ದರೆ ಟಾರ್ಪಾಲ್ ಹೊದಿಸಲೇಬೇಕು. ಹಿಂದೆ ಬರುವ ಬೈಕ್ ಸವಾರನ ಕಣ್ಣಿಗೆ ಬೀಳುವ ಒಂದು ಹಿಡಿ ಮರಳು ಸಾಕು ಪ್ರಾಣ ತೆಗೆಯಲು.

5. ಸರಕು ಬಾಡಿಯ ಪಕ್ಕಕ್ಕಾಗಲಿ, ಮುಂದಕ್ಕಾಗಲಿ, ಹಿಂದಕ್ಕಾಗಲಿ ಚಾಚಿಕೊಳ್ಳುವಂತಿಲ್ಲ. ಹಿಂದೆ ಒಂದು ಮೀಟರ್‌ವರೆಗೆ ಚಾಚಿಕೊಳ್ಳಲು ಅವಕಾಶವಿತ್ತು, ಸರಳು ಚುಚ್ಚಿ ಆಗುತ್ತಿದ್ದ ಸಾವುಗಳ ಕಾರಣ 2014ರಲ್ಲಿ ಅದನ್ನು ತೆಗೆದುಹಾಕಲಾಯಿತು. ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ನಡೆಯುತ್ತದೆ ಎಂಬುದು ಆ ಹಳೆಯ ಕಾಲದ ಮಾತು. ಈಗ ಚಾಚಿದ ಸರಕಿಗೇ ಪ್ರತ್ಯೇಕವಾಗಿ 20,000 ರೂಪಾಯಿ ದಂಡವಿದೆ.

ಸರಳಿನ ವಿಷಯದಲ್ಲಿ ಇನ್ನೊಂದು ಮಾತು. ಟಿಎಂಟಿ ಸರಳು ಬರುವುದೇ 12 ಮೀಟರ್ ಉದ್ದಕ್ಕೆ. ನಡುವೆ ಬಗ್ಗಿಸಿದರೂ ಆರು ಮೀಟರ್. ಪಿಕಪ್‌ನ ಬಾಡಿ ಮೂರು ಮೀಟರಿನ ಆಸುಪಾಸು. ಅಂದಮೇಲೆ ಪೂರ್ತಿ ಸರಳನ್ನು ಪಿಕಪ್‌ನಲ್ಲಿ ಕಾನೂನುಬದ್ಧವಾಗಿ ಸಾಗಿಸುವ ದಾರಿಯೇ ಇಲ್ಲ. ಬಾರ್ ಬೆಂಡರ್ ಕೊಟ್ಟ ಅಳತೆಗೆ ಅಂಗಡಿಯಲ್ಲೇ ಕತ್ತರಿಸಿ ಬಗ್ಗಿಸಿಕೊಂಡು ಒಯ್ಯಿರಿ, ಇಲ್ಲವೇ ಉದ್ದದ ಲಾರಿ ಕರೆಸಿ. ಮನೆ ಕಟ್ಟಿಸುವವರಿಗೆ ನನ್ನ ಬೇಡಿಕೆಯೂ ಇದೇ: ನೂರಿನ್ನೂರು ಉಳಿಸಲು ಪಿಕಪ್‌ನವನಿಗೆ ಸರಳು ಹೇರಬೇಡಿ. ಸಂಜೆಗತ್ತಲಲ್ಲಿ ನೆಟ್ಟಗೆ ಹಿಂದಿನವರ ಕಡೆ ತಿರುಗಿದ ಸರಳಿನ ತುದಿ ಒಂದು ಚುಕ್ಕೆಯಷ್ಟೂ ಕಾಣುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಕಮಾನ್ ಪಟ್ಟಿ ಹೆಚ್ಚಿಸುವುದು.* ಒಂದೆರಡು ಪಟ್ಟಿ ಸೇರಿಸಿದರೆ ಗಾಡಿ ಹೆಚ್ಚು ಹೊರುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಹಿಂಭಾಗ ಜಗ್ಗುವುದು ಕಾಣದಂತಾಗುತ್ತದೆ ಅಷ್ಟೆ. ಬ್ರೇಕು ಹಳೆಯದೇ, ಆಕ್ಸಲ್ ಹಳೆಯದೇ. ಚಾರ್ಮಾಡಿಯೋ ಶಿರಾಡಿಯೋ ಇಳಿಯುವಾಗ ಬ್ರೇಕ್ ಕಾದು ಪೆಡಲ್ ಮೆತ್ತಗಾಗುವುದು ಇಂಥ ಗಾಡಿಗಳಲ್ಲೇ. ಕಂಪನಿ ಕೊಟ್ಟ ವಿನ್ಯಾಸವನ್ನು ಹೀಗೆ ಬದಲಿಸುವುದಕ್ಕೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು.

*ಕಣ್ಣು ಕುಕ್ಕುವ ಎಲ್‌ಇಡಿ ಬಾರ್, ಕಿರುಚುವ ಹಾರ್ನ್.* ಎರಡೂ ನಿಷಿದ್ಧ. 2024ರಲ್ಲಿ ಕರ್ನಾಟಕ ಪೊಲೀಸರು ಇಂಥ ದೀಪಗಳ ಮೇಲೆ ರಾಜ್ಯದಾದ್ಯಂತ ಕಾರ್ಯಾಚರಣೆಯನ್ನೇ ನಡೆಸಿದರು.

*ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆ.* ಖಾಸಗಿ ನೋಂದಣಿಯ ಪಿಕಪ್‌ನಲ್ಲಿ ಬಾಡಿಗೆ ಸರಕು ಒಯ್ದರೆ ಕೇಸಾಗುತ್ತದೆ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ.

*ಪರ್ಮಿಟ್ ಬೇಡವೆಂದರೆ ಏನೂ ಬೇಡ ಎಂದುಕೊಳ್ಳುವುದು.* ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ, ನಿಜ. ಎಫ್‌ಸಿ, ವಿಮೆ, ತೆರಿಗೆ, ಎಮಿಷನ್ ಸರ್ಟಿಫಿಕೇಟ್ ಬೇಕೇ ಬೇಕು. ಹೊಸ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. 50,000 ರೂಪಾಯಿ ಮೀರಿದ ತೆರಿಗೆ ಸರಕಾದರೆ ಇ-ವೇ ಬಿಲ್ ಕೂಡ. ಲೈಸೆನ್ಸ್ ವಿಷಯದಲ್ಲಿ ಮಾತ್ರ ನೆಮ್ಮದಿ: 7,500 ಕಿಲೋವರೆಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ.

*ಗ್ಯಾಸ್ ಸಿಲಿಂಡರ್, ಆ್ಯಸಿಡ್, ಡೀಸೆಲ್ ಡ್ರಮ್ಮನ್ನು ಸಾಮಾನ್ಯ ಸರಕಿನಂತೆ ಒಯ್ಯುವುದು.* ಅಪಾಯಕಾರಿ ಸರಕಿಗೆ ಬೇರೆಯೇ ನಿಯಮಗಳಿವೆ: ಗಾಡಿಯ ಮೇಲೆ ಎಚ್ಚರಿಕೆ ಫಲಕ, ಕಿಡಿ ತಡೆಯುವ ಸಾಧನ, ಅಗ್ನಿಶಾಮಕ, ಚಾಲಕನಿಗೆ ತರಬೇತಿ ಮತ್ತು ಲೈಸೆನ್ಸಿನಲ್ಲಿ ಅದರ ನಮೂದು. ಇವಿಲ್ಲದೆ ಅಂಥ ಬಾಡಿಗೆ ಒಪ್ಪಬೇಡಿ.

*ಬಾಡಿಯಲ್ಲಿ ಜನರನ್ನು ಕೂರಿಸುವುದು.* ಕಾಫಿ ಕೊಯ್ಲಿಗೆ, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು, ಜಾತ್ರೆಗೆ ಹೊರಟ ಕುಟುಂಬಗಳು ಪಿಕಪ್‌ನ ಹಿಂದೆ ನಿಂತು ಹೋಗುವುದನ್ನು ಕಾಣದ ತಾಲ್ಲೂಕಿಲ್ಲ. ಆ ಬಾಡಿಯಲ್ಲಿ ಸೀಟಿಲ್ಲ, ಬೆಲ್ಟಿಲ್ಲ, ಮೇಲೆ ಆಸರೆಯಿಲ್ಲ. ಗಾಡಿ ಮಗುಚಿದರೆ ಎಲ್ಲರೂ ಒಟ್ಟಿಗೆ ರಸ್ತೆಗೆ ಎಸೆಯಲ್ಪಡುತ್ತಾರೆ. ಇವರು ತೀರಿಕೊಂಡರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಸರಕಿನ ಮಾಲೀಕ ಅಥವಾ ಅವನು ಕಳಿಸಿದ ಪ್ರತಿನಿಧಿ ಸರಕಿನ ಜೊತೆ ಕ್ಯಾಬಿನ್ನಿನಲ್ಲಿ ಕೂತು ಹೋದರೆ ಮಾತ್ರ ರಕ್ಷಣೆಯುಂಟು. ಲಕ್ಷಾಂತರ ರೂಪಾಯಿ ಪರಿಹಾರ ಗಾಡಿ ಮಾಲೀಕನ ತಲೆಗೆ ಬರುತ್ತದೆ. ಅವನ ಬಳಿ ಇಲ್ಲದಿದ್ದರೆ ಸತ್ತವರ ಮಕ್ಕಳಿಗೆ ಏನೂ ಸಿಗುವುದಿಲ್ಲ.

ತಡೆದು ನಿಲ್ಲಿಸಿದಾಗ

ತೂಕ ಹೆಚ್ಚಿದೆ ಎಂದು ಅಧಿಕಾರಿಗೆ ಅನ್ನಿಸಿದರೆ, ನೀವು ಹೋಗುವ ದಾರಿಯಲ್ಲಿ 10 ಕಿಲೋಮೀಟರ್ ಒಳಗಿನ ವೇಬ್ರಿಡ್ಜ್‌ಗೆ ಗಾಡಿ ಒಯ್ಯಲು ಹೇಳುವ ಅಧಿಕಾರ ಅವರಿಗಿದೆ. ನಿಲ್ಲಿಸದೆ ಹೋದರೆ, ತೂಕಕ್ಕೆ ಒಪ್ಪದಿದ್ದರೆ ಅಥವಾ ಅಷ್ಟರಲ್ಲಿ ಸರಕು ಇಳಿಸಿದರೆ ದಂಡ 40,000 ರೂಪಾಯಿ, ಓವರ್‌ಲೋಡಿನ ಮೂಲ ದಂಡದ ಎರಡರಷ್ಟು. ವಾದಕ್ಕೆ ಇಳಿಯದೆ ತೂಕ ಹಾಕಿಸಿ. ಲೋಡು ಏರಿಸಿದ ಊರಲ್ಲೇ ತೂಕ ಮಾಡಿಸಿದ ಚೀಟಿ ನಿಮ್ಮ ಬಳಿ ಇದ್ದರೆ ಮಾತು ಬೇಗ ಮುಗಿಯುತ್ತದೆ. ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ಸಾಕು, ಮೂಲ ಕಾಗದ ಹೊತ್ತು ತಿರುಗಬೇಕಿಲ್ಲ. ದಂಡ ಕಟ್ಟಿದರೆ ಚಲನ್ ನಂಬರ್ ಇರುವ ರಸೀದಿ ಕೇಳಿ ಪಡೆಯಿರಿ. ದಾರಿಯಲ್ಲೇ ಸರಕು ಇಳಿಸಬೇಕಾದ ಪ್ರಸಂಗ ಬಂದರೆ ಅದನ್ನು ಮುಚ್ಚಿಡಲು ಒಂದು ಹೆಚ್ಚುವರಿ ಟಾರ್ಪಾಲ್, ಉಳಿದದ್ದನ್ನು ಒಯ್ಯಲು ಕರೆದರೆ ಬರುವ ಇನ್ನೊಬ್ಬ ಗಾಡಿಯವರ ಫೋನ್ ನಂಬರ್ ಜೊತೆಯಲ್ಲಿರಲಿ.